ಎರಡು ಆಟ ಆಡುವ ಮಕ್ಕಳಿಗೆ ಈ ರಿಕ್ರೂಟಿಂಗ್ ಸರ್ವಿಸ್ ಬೇಡ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ನಿಮ್ಮ ಮಗನೋ ಮಗಳೋ ವರ್ಷವಿಡೀ ಒಂದೇ ಆಟ ಆಡುವವರಾದರೆ ಇನ್ನೊಂದು ಸ್ಟಾರ್ ಸೇರಿಸಿಕೊಳ್ಳಿ. ಆದರೆ ಅಮೆರಿಕದ ಹೈಸ್ಕೂಲಿನಲ್ಲಿ ಎರಡು ಮೂರು ಆಟ ಆಡುತ್ತಾ, ಕಾಲೇಜು ತಂಡ ಸೇರಬೇಕು ಅಂತ ಆಸೆ ಇಟ್ಟುಕೊಂಡಿರುವ ಮಗು ನಿಮ್ಮ ಮನೆಯಲ್ಲಿದ್ದರೆ ದೊಡ್ಡ ಪ್ಯಾಕೇಜಿಗೆ ಸಹಿ ಹಾಕುವ ಮುಂಚೆ ಇದನ್ನು ಪೂರ್ತಿ ಓದಿ. ದುಡ್ಡು ತೆಗೆದುಕೊಂಡು ಮಕ್ಕಳನ್ನು ಕಾಲೇಜು ಕೋಚ್‌ಗಳಿಗೆ ಪರಿಚಯಿಸುವ ಈ ರಿಕ್ರೂಟಿಂಗ್ ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಇವರು ಕೆಲಸ ಮಾಡುವ ರೀತಿ ಗೊತ್ತಾಗುವುದು ಮುಖ್ಯ.

ನಮ್ಮ ಮಗಳು ಫಾಲ್‌ನಲ್ಲಿ ಸ್ಕೂಲಿನ ವಾಲಿಬಾಲ್ ತಂಡದಲ್ಲಿ ಮಿಡಲ್ ಬ್ಲಾಕರ್, ಅಂದರೆ ನೆಟ್ ಮಧ್ಯದಲ್ಲಿ ನಿಂತು ಎದುರಾಳಿಯ ಹೊಡೆತ ತಡೆಯುವವಳು. ಸ್ಪ್ರಿಂಗ್‌ನಲ್ಲಿ ಟ್ರ್ಯಾಕ್ (ಓಟ, ಜಿಗಿತದ ಸ್ಪರ್ಧೆಗಳು), ಅದರಲ್ಲೂ ಹೈಜಂಪ್. ಎರಡೂ ಅವಳಿಗೆ ಅಷ್ಟೇ ಇಷ್ಟ. ಕಷ್ಟ ಎಲ್ಲಿ ಅಂದರೆ, ಸ್ಕೂಲಿನ ವಾಲಿಬಾಲ್ ಮುಗಿದ ಮೇಲೆ ಸ್ಕೂಲಿನ ಹೊರಗಿನ ಕ್ಲಬ್ ತಂಡಗಳ ವಾಲಿಬಾಲ್ ಶುರುವಾಗುತ್ತದೆ. ಅದು ಚಳಿಗಾಲದಿಂದ ಬೇಸಿಗೆಯವರೆಗೂ ಎಳೆಯುತ್ತದೆ, ಟ್ರ್ಯಾಕ್ ಸೀಸನ್ ಪೂರ್ತಿ ಅದರ ನಡುವೆಯೇ ಬರುತ್ತದೆ. ಶನಿವಾರ ಬೆಳಿಗ್ಗೆ ಮೀಟ್, ಮಧ್ಯಾಹ್ನ ಟೂರ್ನಮೆಂಟ್. ಕಾರಿನಲ್ಲೇ ಸ್ಪೈಕ್ ಶೂ ಬಿಚ್ಚಿ ನೀಪ್ಯಾಡ್ ಹಾಕಿಕೊಳ್ಳುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಇಂಥ ಮಗುವನ್ನು ಕಾಲೇಜು ಕೋಚ್‌ಗಳ ಮುಂದೆ ಹೇಗೆ ಇಡಬೇಕು ಅಂತ ಗೊತ್ತಿರುವವರು ಬೇಕಿತ್ತು. ಅದಕ್ಕೇ ಸಾವಿರಾರು ಡಾಲರ್ ಕೊಟ್ಟೆವು.

ಪ್ಯಾಕೇಜಿನಲ್ಲಿ ಇದ್ದದ್ದು ಇಷ್ಟು: ಒಂದು ಆನ್‌ಲೈನ್ ಪ್ರೊಫೈಲ್, ಹೈಲೈಟ್ ವಿಡಿಯೋ ಎಡಿಟ್ ಮಾಡಿಕೊಡುವುದು, ಮಗುವಿಗೆ ಹೊಂದುವ ಕಾಲೇಜುಗಳ ಪಟ್ಟಿ, ಕೋಚ್‌ಗಳಿಗೆ ಈಮೇಲ್ ಕಳಿಸುವ ವ್ಯವಸ್ಥೆ, ಆಗಾಗ ಫೋನಿನಲ್ಲಿ ಮಾತಾಡುವ ಒಬ್ಬ ಸಲಹೆಗಾರರು. ಕೇಳಲು ಚೆನ್ನಾಗಿದೆ ಅಲ್ವಾ?

ಪ್ರೊಫೈಲ್ ತುಂಬಲು ಕೂತ ದಿನವೇ ತೊಂದರೆ ಶುರುವಾಯಿತು. "ಮುಖ್ಯ ಆಟ" ಅಂತ ಒಂದು ಕಡೆ ಕೇಳುತ್ತದೆ. ಒಂದನ್ನೇ ಆರಿಸಬೇಕು. ವಾಲಿಬಾಲ್ ಅಂತ ಆರಿಸಿದ ತಕ್ಷಣ ಪೂರ್ತಿ ಪುಟ ವಾಲಿಬಾಲಿನದಾಗುತ್ತದೆ. ಎತ್ತರ, ಕೈ ಚಾಚಿದರೆ ಎಷ್ಟು, ಓಡಿ ಬಂದು ಹಾರಿದರೆ ಕೈ ಎಷ್ಟು ಎತ್ತರ ಮುಟ್ಟುತ್ತದೆ, ಬ್ಲಾಕ್‌ಗೆ ಹಾರಿದರೆ ಎಷ್ಟು. ಹೈಜಂಪ್ ಹಾಕಲು ಜಾಗವೇ ಇಲ್ಲ. ಕೆಳಗಡೆ "ಇತರ ಚಟುವಟಿಕೆಗಳು" ಅಂತ ಒಂದು ಸಣ್ಣ ಡಬ್ಬಿ ಇದೆ, ಪಿಯಾನೋ, ಸಮಾಜಸೇವೆ ಎಲ್ಲ ಬರೆಯುವ ಜಾಗ. ಅಲ್ಲಿ 5 ಅಡಿ 6 ಇಂಚು ಅಂತ ಬರೆದೆವು. ಯಾವ ಕೋಚ್ ಅಲ್ಲಿಯವರೆಗೆ ಓದುತ್ತಾರೆ? ಟ್ರ್ಯಾಕ್‌ಗೆ ಬೇರೆ ಪ್ರೊಫೈಲ್ ಬೇಕೆಂದರೆ ಬೇರೆ ಪ್ಯಾಕೇಜ್, ಬೇರೆ ದುಡ್ಡು. ಆ ಎರಡು ಪ್ರೊಫೈಲ್‌ಗಳು ಒಂದಕ್ಕೊಂದು ಜೋಡಣೆಯೂ ಆಗುವುದಿಲ್ಲ.

ಆಮೇಲೆ ಸಲಹೆಗಾರರ ಮೊದಲ ಫೋನ್. ಮಾತು ತುಂಬ ಮರ್ಯಾದೆಯದು, ಅದರಲ್ಲಿ ಏನೂ ಕೊರತೆ ಇಲ್ಲ. ಆದರೆ ಮಗಳ ಒಂದು ವಿಡಿಯೋ ಕೂಡ ನೋಡುವ ಮುಂಚೆಯೇ ಹೇಳಿದ್ದು, ಟ್ರ್ಯಾಕ್ ಬಿಡಿಸಿ, ವರ್ಷಪೂರ್ತಿ ಕ್ಲಬ್ ವಾಲಿಬಾಲ್ ಆಡಿಸಿ, ಇಲ್ಲದಿದ್ದರೆ ಕೋಚ್‌ಗಳು ಇವಳಿಗೆ ಬದ್ಧತೆ ಇಲ್ಲ ಅಂದುಕೊಳ್ಳುತ್ತಾರೆ ಅಂತ. ಮಗಳು ಪಕ್ಕದಲ್ಲೇ ಕೂತಿದ್ದಳು, ಸ್ಪೀಕರ್ ಆನ್ ಇತ್ತು. ಅವಳ ಮುಖ ಸಣ್ಣಗಾದದ್ದು ನೋಡಿ ನನಗೆ ಸಂಕಟವಾಯಿತು. ಹದಿನಾರು ವರ್ಷದ ಮಗುವಿಗೆ, ನಿನ್ನ ಅರ್ಧ ಖುಷಿಯನ್ನು ಬಿಟ್ಟುಬಿಡು ಅಂತ ಹೇಳುವುದಕ್ಕೆ ಏನಾದರೂ ಆಧಾರ ಬೇಕಲ್ಲವೇ?

ಆಧಾರ ಇಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಿಸ್ಕಾನ್ಸಿನ್ ರಾಜ್ಯದ 29 ಹೈಸ್ಕೂಲುಗಳಲ್ಲಿ 2015-16ರಲ್ಲಿ 1,544 ಆಟಗಾರರನ್ನು ಗಮನಿಸಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು. ಒಂದೇ ಆಟಕ್ಕೆ ಅಂಟಿಕೊಂಡ ಮಕ್ಕಳಿಗೆ ಕಾಲು, ಮಂಡಿ, ಕಣಕಾಲಿನ ಗಾಯಗಳು ಹಲವು ಆಟ ಆಡುವ ಮಕ್ಕಳಿಗಿಂತ ಗಣನೀಯವಾಗಿ ಜಾಸ್ತಿ ಅಂತ ಕಂಡುಬಂತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ವರದಿಯಲ್ಲೂ, ಬಹುಪಾಲು ಆಟಗಳಲ್ಲಿ ಒಂದನ್ನೇ ಹಿಡಿಯುವುದನ್ನು 15-16 ವರ್ಷದವರೆಗಾದರೂ ಮುಂದೂಡಿ, ಮುಖ್ಯ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳಾದರೂ ಬಿಡುವು ಕೊಡಿ ಅಂತ ಇದೆ. ವರ್ಷಪೂರ್ತಿ ಅದೇ ಭುಜದಿಂದ ಅದೇ ಹೊಡೆತ ಹೊಡೆಯುತ್ತಿದ್ದರೆ ಏನಾಗುತ್ತದೆ ಅಂತ ಕ್ಲಬ್ ತಂಡಗಳ ಮಕ್ಕಳ ಭುಜಕ್ಕೆ ಕಟ್ಟಿರುವ ಐಸ್ ನೋಡಿದರೇ ಗೊತ್ತಾಗುತ್ತದೆ.

ಕಾಲೇಜು ಕೋಚ್‌ಗಳಿಗೆ ಇಷ್ಟವಾಗುವುದಿಲ್ಲ ಅನ್ನುವುದೂ ನಿಜವಲ್ಲ. ಫುಟ್ಬಾಲ್ (ಇಲ್ಲಿ ಅಮೆರಿಕನ್ ಫುಟ್ಬಾಲ್) ಕೋಚ್‌ಗಳು ಟ್ರ್ಯಾಕ್‌ನ 100 ಮೀಟರ್ ಟೈಮ್ ಹುಡುಕಿ ನೋಡುತ್ತಾರೆ. ಕ್ಯಾಂಪಿನಲ್ಲಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ ಓಟಕ್ಕಿಂತ ಮೀಟಿನ ಎಲೆಕ್ಟ್ರಾನಿಕ್ ಟೈಮಿಂಗನ್ನು ನಂಬಬಹುದು. ಫುಟ್ಬಾಲಿನಲ್ಲಿ ಮುಂದಿನ ಸಾಲಿನ ಲೈನ್‌ಮನ್ ಆಡುವ ಹುಡುಗ ಕುಸ್ತಿಯನ್ನೂ ಆಡುತ್ತಾನೆ ಅಂದರೆ ಕೋಚ್‌ಗೆ ಖುಷಿ, ಮೈ ತಗ್ಗಿಸಿ ಎದುರಾಳಿಯನ್ನು ತಳ್ಳುವುದು ಅವನಿಗೆ ಬಂದಿರುತ್ತದೆ. ಫುಟ್ಬಾಲ್ ತಾರೆ ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಸ್ ಟೆಕ್ ಕಾಲೇಜಿನಲ್ಲಿ ಬೇಸ್‌ಬಾಲನ್ನೂ ಆಡಿದವರು. ಕೈಲರ್ ಮರ್ರಿ 2018ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವ ಬೇಸ್‌ಬಾಲ್ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ, ಅದೇ ವರ್ಷ ಒಕ್ಲಹೋಮದ ಪರ ಫುಟ್ಬಾಲ್ ಆಡಿ, ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದರು. ಮಗಳಿಗೆ ನಾನು ಹೇಳಿದ್ದು ಜಾಕಿ ಜಾಯ್ನರ್-ಕರ್ಸಿ ಅವರ ಕಥೆ. ಹೈಸ್ಕೂಲಿನಲ್ಲಿ ವಾಲಿಬಾಲ್, ಬಾಸ್ಕೆಟ್‌ಬಾಲ್, ಟ್ರ್ಯಾಕ್ ಮೂರೂ ಆಡಿದವರು. ಯುಸಿಎಲ್‌ಎಯಲ್ಲಿ ಬಾಸ್ಕೆಟ್‌ಬಾಲ್ ಮತ್ತು ಟ್ರ್ಯಾಕ್ ಎರಡನ್ನೂ ಮಾಡಿದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅವರು ಹೆಪ್ಟಾಥ್ಲಾನ್‌ನಲ್ಲಿ (ಏಳು ಸ್ಪರ್ಧೆಗಳ ಆಟ) ಗಳಿಸಿದ 7,291 ಅಂಕಗಳ ವಿಶ್ವದಾಖಲೆ ಇಷ್ಟು ವರ್ಷವಾದರೂ ಮುರಿದಿಲ್ಲ. ಇವರೆಲ್ಲ ಅಸಾಧಾರಣ ಪ್ರತಿಭೆಗಳು, ನಮ್ಮ ಮಕ್ಕಳು ಹಾಗೇ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎರಡು ಆಟ ಆಡಿದರೆ ಬಾಗಿಲು ಮುಚ್ಚುತ್ತದೆ ಅನ್ನುವ ಮಾತು ಸುಳ್ಳು ಅನ್ನುವುದಷ್ಟೇ.

ಹಾಗಾದರೆ ಯಾಕೆ ಹಾಗೆ ಹೇಳಿದರು? ನನಗೆ ಅನ್ನಿಸುವುದು, ಅವರ ಇಡೀ ವ್ಯವಸ್ಥೆ ಒಂದು ಮಗು ಒಂದು ಆಟ ಅನ್ನುವ ಲೆಕ್ಕದಲ್ಲಿ ಕಟ್ಟಿರುವುದು. ಮಗು ಆ ಲೆಕ್ಕಕ್ಕೆ ಕೂರದಿದ್ದರೆ ಮಗುವನ್ನೇ ಕತ್ತರಿಸಿ ಕೂರಿಸುತ್ತಾರೆ.

ಇನ್ನು ಎರಡು ಆಟದ ಮಕ್ಕಳಿಗೆ ನಿಜವಾಗಿ ಎಲ್ಲಿ ತೊಡಕು ಬರುತ್ತದೋ ಆ ವಿಷಯ ಇವರು ಬಾಯೇ ಬಿಡಲಿಲ್ಲ. ಅದು ದುಡ್ಡಿನದು ಮತ್ತು ಜಾಗದ್ದು. ಇದನ್ನು ನಾನು ಸ್ವತಃ ಓದಿ, ಕೋಚ್‌ಗಳನ್ನು ಕೇಳಿ ತಿಳಿದುಕೊಂಡೆ.

ಹಿಂದೆ ಎನ್‌ಸಿಎಎ (ಅಮೆರಿಕದ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ) ಡಿವಿಷನ್ 1ರಲ್ಲಿ, ಅಂದರೆ ಅದರ ಮೂರು ಹಂತಗಳಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲಿ, ಒಂದೊಂದು ಆಟಕ್ಕೆ ಇಷ್ಟೇ ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು. ಹೆಣ್ಣುಮಕ್ಕಳ ವಾಲಿಬಾಲಿಗೆ 12 ಪೂರ್ತಿ ಸ್ಕಾಲರ್‌ಶಿಪ್. ಹೆಣ್ಣುಮಕ್ಕಳ ಟ್ರ್ಯಾಕ್ ಮತ್ತು ಕ್ರಾಸ್ ಕಂಟ್ರಿ ಸೇರಿ 18, ಅದನ್ನು ಕೋಚ್ ತುಂಡು ಮಾಡಿ ಹಲವರಿಗೆ ಹಂಚಬಹುದಿತ್ತು. ಎರಡು ಆಟ ಆಡುವ ವಿದ್ಯಾರ್ಥಿಯನ್ನು ಯಾವ ಆಟದ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದಕ್ಕೂ ನಿಯಮ ಇತ್ತು. ಸ್ಕಾಲರ್‌ಶಿಪ್ ಪಡೆದು ಫುಟ್ಬಾಲನ್ನೂ ಇನ್ನೊಂದನ್ನೂ ಆಡಿದರೆ ಫುಟ್ಬಾಲ್ ಲೆಕ್ಕಕ್ಕೇ ಸೇರಬೇಕು. ಯಾಕೆಂದರೆ ಫುಟ್ಬಾಲ್ ಹುಡುಗನಿಗೆ ಟ್ರ್ಯಾಕ್ ಹೆಸರಲ್ಲಿ ಸ್ಕಾಲರ್‌ಶಿಪ್ ಕೊಟ್ಟು ಫುಟ್ಬಾಲ್ ಮಿತಿ ತಪ್ಪಿಸಿಕೊಳ್ಳಬಾರದು ಅಂತ.

2025ರ ಜೂನ್ 6ರಂದು ಹೌಸ್ ಪ್ರಕರಣದ (ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸು) ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಲೆಕ್ಕಾಚಾರವೇ ಬದಲಾಯಿತು. ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, 2025-26ಕ್ಕೆ ಆ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಸ್ಕಾಲರ್‌ಶಿಪ್ ಮಿತಿ ಹೋಗಿ ಅದರ ಜಾಗಕ್ಕೆ ರೋಸ್ಟರ್ ಮಿತಿ, ಅಂದರೆ ತಂಡದ ಪಟ್ಟಿಯಲ್ಲಿ ಒಟ್ಟು ಎಷ್ಟು ಜನ ಇರಬಹುದು ಅನ್ನುವ ಮಿತಿ ಬಂತು. ಫುಟ್ಬಾಲಿಗೆ 105, ಹೆಣ್ಣುಮಕ್ಕಳ ವಾಲಿಬಾಲಿಗೆ 18, ಟ್ರ್ಯಾಕಿಗೆ 45. ಇದರ ಅರ್ಥ ನಮ್ಮಂಥವರಿಗೆ ಏನು? ಮೊದಲು ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ತಂಡದ ಕೊನೆಯಲ್ಲಿ ಜಾಗ ಸಿಗುತ್ತಿತ್ತು, ಈಗ ದೊಡ್ಡ ಕಾಲೇಜುಗಳಲ್ಲಿ ಆ ಜಾಗವೇ ಕಡಿಮೆ. ಹಾಗಾಗಿ "ಮಗಳಿಗೆ ಎಷ್ಟು ಸ್ಕಾಲರ್‌ಶಿಪ್" ಅನ್ನುವುದಕ್ಕಿಂತ ಮುಂಚೆ "ನಿಮ್ಮ ರೋಸ್ಟರ್‌ನಲ್ಲಿ ಅವಳ ವರ್ಷಕ್ಕೆ ಜಾಗ ಇದೆಯಾ, ಇನ್ನೊಂದು ತಂಡದ ಕೋಚ್ ಕೂಡ ಅವಳನ್ನು ತನ್ನ ರೋಸ್ಟರ್‌ಗೆ ತೆಗೆದುಕೊಳ್ಳಲು ಒಪ್ಪುತ್ತಾರಾ" ಅಂತ ಕೇಳಬೇಕು. ಇದನ್ನು ದುಡ್ಡು ತೆಗೆದುಕೊಂಡ ಸಲಹೆಗಾರರು ಹೇಳಬೇಕಿತ್ತು ತಾನೇ. ಅವರು ಕಳಿಸಿದ ಪಿಡಿಎಫ್‌ನಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್‌ಗೆ (ಇದೇ ಕಾಲೇಜು ಸೇರುತ್ತೇನೆ ಅನ್ನುವ ಒಪ್ಪಂದ ಪತ್ರ) ಸಹಿ ಹಾಕುವ ಬಗ್ಗೆ ಇನ್ನೂ ಒಂದು ಪುಟ ಇತ್ತು. ಆ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲೇ ತೆಗೆದುಹಾಕಿದ್ದಾರೆ!

ಡಿವಿಷನ್ 3 ಬಗ್ಗೆಯೂ ಅಷ್ಟೇ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಅದಕ್ಕೇ ಏನೋ ನಮ್ಮ ಪಟ್ಟಿಯಲ್ಲಿ ಆ ಕಾಲೇಜುಗಳು ಬೆರಳೆಣಿಕೆಯಷ್ಟೇ ಇದ್ದವು. ಆದರೆ 400ಕ್ಕೂ ಹೆಚ್ಚು ಕಾಲೇಜುಗಳಿರುವ ದೊಡ್ಡ ಡಿವಿಷನ್ ಅದು. ಎರಡು ಆಟ ಆಡಲು ಮನಸ್ಸಿರುವ ಮಕ್ಕಳಿಗೆ ಅಲ್ಲಿ ಬೇರೆಲ್ಲ ಕಡೆಗಿಂತ ಜಾಸ್ತಿ ಅವಕಾಶ. ಸೀಸನ್ ಚಿಕ್ಕದು, ಒಂದು ತಂಡದ ಕೋಚ್ ಇನ್ನೊಂದು ತಂಡದ ಕೋಚ್ ಜೊತೆ ಮಾತಾಡಿ ಮಗುವನ್ನು ಹಂಚಿಕೊಳ್ಳುವುದು ಅಲ್ಲಿ ಮಾಮೂಲು. ಓದಿಗೆ, ಮನೆಯ ಆದಾಯಕ್ಕೆ ತಕ್ಕಂತೆ ಸಿಗುವ ನೆರವು ಕೆಲವೊಮ್ಮೆ ಬೇರೆ ಕಡೆಯ ಕಾಲುಭಾಗ ಸ್ಕಾಲರ್‌ಶಿಪ್‌ಗಿಂತ ದೊಡ್ಡದಾಗಿರುತ್ತದೆ. ಡಿವಿಷನ್ 1ರಲ್ಲಿ ಸೀಸನ್ ಇದ್ದಾಗ ವಾರಕ್ಕೆ 20 ಗಂಟೆ, ಇಲ್ಲದಾಗ 8 ಗಂಟೆ ಅಂತ ಅಭ್ಯಾಸದ ಮಿತಿ ಇದೆ, ಪ್ರಯಾಣ, ಫಿಸಿಯೋ ಇವೆಲ್ಲ ಅದರ ಹೊರಗೆ. ಫಾಲ್‌ನಲ್ಲಿ ವಾಲಿಬಾಲ್ ಮುಗಿಸಿ ನೇರ ಇಂಡೋರ್ ಟ್ರ್ಯಾಕ್‌ಗೆ ಹೋಗುವ ಹುಡುಗಿಗೆ ಸೀಸನ್ ಇಲ್ಲದ ತಿಂಗಳೇ ಇರುವುದಿಲ್ಲ. ಸ್ಪ್ರಿಂಗ್‌ನಲ್ಲಿ ವಾಲಿಬಾಲ್ ಕೋಚ್ ಅಭ್ಯಾಸಕ್ಕೆ ಕರೆದರೆ ಯಾರ ಮಾತು ನಡೆಯುತ್ತದೆ? ಇದನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ, ಸಾಧ್ಯವಾದರೆ ಈಮೇಲ್‌ನಲ್ಲಿ.

ಈಮೇಲ್ ಅಂದ ಮೇಲೆ ಅದರ ಕಥೆ ಹೇಳಲೇಬೇಕು. ಸರ್ವಿಸ್‌ನವರು ನೂರಾರು ಕೋಚ್‌ಗಳಿಗೆ ಒಂದೇ ಈಮೇಲ್ ಕಳಿಸುತ್ತಾರೆ. "ಪ್ರಿಯ ಕೋಚ್, ನಿಮ್ಮ ತಂಡದ ಬಗ್ಗೆ ನನಗೆ ತುಂಬ ಆಸಕ್ತಿ" ಅಂತ ಶುರು. ಆ ತಂಡದ ಹೆಸರು ಕೂಡ ಒಳಗೆ ಇರುವುದಿಲ್ಲ. ಆಮೇಲೆ "ನಿಮ್ಮ ಪ್ರೊಫೈಲ್ ನೋಡಿದ್ದಾರೆ" ಅಂತ ಸೂಚನೆಗಳು ಬರತೊಡಗುತ್ತವೆ, ಮಗು ಕುಣಿದಾಡುತ್ತದೆ. ಪ್ರೊಫೈಲ್ ನೋಡುವುದು ಅಂದರೆ ಒಂದು ಕ್ಲಿಕ್, ಅಷ್ಟೇ. ಕ್ಯಾಂಪ್‌ಗೆ ಬನ್ನಿ ಅಂತ ಬರುವ ಈಮೇಲ್‌ಗಳೂ ಹಾಗೇ. ವಾಲಿಬಾಲ್, ಟ್ರ್ಯಾಕ್ ಸೇರಿ ಡಿವಿಷನ್ 1ರ ಬಹುತೇಕ ಆಟಗಳಲ್ಲಿ ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಕೋಚ್‌ಗಳು ಮಗುವಿಗೆ ರಿಕ್ರೂಟಿಂಗ್ ಮಾತು ಬರೆಯುವಂತಿಲ್ಲ, ಆದರೆ ಕ್ಯಾಂಪ್ ಜಾಹೀರಾತು ಮತ್ತು ಪ್ರಶ್ನಾವಳಿ ಯಾವಾಗ ಬೇಕಾದರೂ ಕಳಿಸಬಹುದು. ಕ್ಯಾಂಪ್‌ಗೆ ಫೀಸು ಇರುತ್ತದೆ. ಅಂಥ ಈಮೇಲ್ ಬಂದರೆ ಆಯ್ಕೆಯಾದ ಹಾಗೆ ಅಂತ ಸಲಹೆಗಾರರು ಮಗಳಿಗೆ ಹೇಳಿದ್ದು ಸರಿಯಲ್ಲ.

ಕಡೆಗೆ ಮಗಳು ತಾನೇ ಬರೆಯಲು ಶುರು ಮಾಡಿದಳು. ಒಂದೊಂದು ಕಾಲೇಜಿಗೆ ಒಂದೊಂದು ಪತ್ರ, ಚಿಕ್ಕದು. ವಾಲಿಬಾಲ್ ಕೋಚ್‌ಗೆ ಬರೆಯುವಾಗ ಎರಡನೇ ಸಾಲಿನಲ್ಲೇ ಹೈಜಂಪ್ ಎತ್ತರ ಮತ್ತು ಅದರ ವಿಡಿಯೋ ಕೊಂಡಿ. ಟ್ರ್ಯಾಕ್ ಕೋಚ್‌ಗೆ ಬರೆಯುವಾಗ ವಾಲಿಬಾಲಿನಲ್ಲಿ ಓಡಿ ಬಂದು ಮುಟ್ಟುವ ಎತ್ತರ. ಎರಡೂ ಕೋಚ್‌ಗಳಿಗೆ, ನಾನು ನಿಮ್ಮ ಕಾಲೇಜಿನ ಇನ್ನೊಬ್ಬ ಕೋಚ್‌ಗೂ ಬರೆದಿದ್ದೇನೆ ಅಂತ ನೇರವಾಗಿ ತಿಳಿಸುತ್ತಿದ್ದಳು. ಬಚ್ಚಿಡುವುದು ಏನಿದೆ?

ಒಂದು ಡಿವಿಷನ್ 2 ಕಾಲೇಜಿನ ವಾಲಿಬಾಲ್ ಕೋಚ್ ಫೋನ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ವಾಲಿಬಾಲ್ ವಿಡಿಯೋ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹೈಜಂಪ್ ವಿಡಿಯೋ ತೆರೆದಿಟ್ಟುಕೊಂಡು, ಹಾರುವ ಮುಂಚಿನ ಕೊನೆಯ ಎರಡು ಹೆಜ್ಜೆ ನೋಡುತ್ತಾ ಇದ್ದೇನೆ ಅಂದರು. ಕೊನೆಯದಕ್ಕೆ ಹಿಂದಿನ ಹೆಜ್ಜೆ ಉದ್ದ ಇಟ್ಟು, ಸೊಂಟ ಸ್ವಲ್ಪ ತಗ್ಗಿಸಿ, ಕೊನೆಯ ಹೆಜ್ಜೆಯನ್ನು ಬೇಗ ಊರಿ ಮೇಲಕ್ಕೇಳುತ್ತಾಳೆ, ಓಡಿ ಬಂದ ವೇಗವನ್ನು ಎತ್ತರಕ್ಕೆ ತಿರುಗಿಸುವುದು ಅದು, ನೆಟ್ ಹತ್ತಿರ ಹೊಡೆತಕ್ಕೆ ಹಾರುವಾಗಲೂ ಬೇಕಾದದ್ದು ಅದೇ, ಬೇರೆ ಮಕ್ಕಳಿಗೆ ಇದನ್ನು ಕಲಿಸಲು ನನಗೆ ತುಂಬ ಕಾಲ ಬೇಕಾಗುತ್ತದೆ ಅಂತ ವಿವರಿಸಿದರು. ಆಮೇಲೆ ಬಾರ್ ಮೂರು ಸಲ ಬಿದ್ದ ಮೇಲೆ ಏನು ಮಾಡುತ್ತೀಯಾ ಅಂತ ಕೇಳಿದರು. ಹೈಜಂಪ್‌ನಲ್ಲಿ ಸತತ ಮೂರು ಸಲ ತಪ್ಪಿದರೆ ಅಲ್ಲಿಗೆ ಮುಗಿಯಿತು, ಗೆದ್ದವರೂ ಸಾಮಾನ್ಯವಾಗಿ ತಪ್ಪಿಯೇ ಮುಗಿಸುವುದು. ಮಗಳು, ಮುಂದಿನವರಿಗೆ ಬಾರ್ ಎತ್ತಿ ಇಡಲು ಸಹಾಯ ಮಾಡುತ್ತೇನೆ ಅಂದಳು. ಆ ಕೋಚ್ ಅದನ್ನು ಬರೆದುಕೊಂಡ ಸದ್ದು ನನಗೆ ಫೋನಿನಲ್ಲಿ ಕೇಳಿಸಿತು.

ಸರ್ವಿಸ್‌ನವರು ಬಿಡಿಸಿ ಅಂದ ಆಟವೇ ಆ ಫೋನನ್ನು ತಂದದ್ದು.

ಇನ್ನೊಂದು ಕೊರತೆ, ಹೊಂದುವ ಕಾಲೇಜುಗಳ ಪಟ್ಟಿಯಲ್ಲಿ ವಾಲಿಬಾಲ್ ಬಿಟ್ಟು ಬೇರೆ ಯಾವ ದಾರಿಯನ್ನೂ ತೋರಿಸುವುದಿಲ್ಲ. ಎತ್ತರ ಇರುವ, ದಮ್ಮು ಇರುವ ಹುಡುಗಿಯರನ್ನು ಕಾಲೇಜು ರೋಯಿಂಗ್ ತಂಡಗಳು ಹುಡುಕಿಕೊಂಡು ಬರುತ್ತವೆ. ದೋಣಿಯನ್ನೇ ಮುಟ್ಟದ ಬಾಸ್ಕೆಟ್‌ಬಾಲ್, ಈಜು, ವಾಲಿಬಾಲ್ ಮಕ್ಕಳನ್ನು ಕರೆದು ಮೊದಲಿನಿಂದ ಕಲಿಸುತ್ತಾರೆ. ಹೆಣ್ಣುಮಕ್ಕಳ ರೋಯಿಂಗ್‌ಗೆ 1997ರಿಂದ ಎನ್‌ಸಿಎಎ ಚಾಂಪಿಯನ್‌ಶಿಪ್ ಇದೆ, ಬೀಚ್ ವಾಲಿಬಾಲಿಗೆ 2016ರಿಂದ. ಈಜು, ಓಟ ಎರಡೂ ಬರುವ ಹುಡುಗಿಯರಿಗೆ ಟ್ರಯಥ್ಲಾನ್ ತಂಡಗಳಿವೆ. ಹಲವು ಆಟ ಆಡಿದ ಮಗುವಿಗೆ ಇವೆಲ್ಲ ತೆರೆದ ಬಾಗಿಲುಗಳು. ಇಂಥ ಕಡೆ ತಲೆ ಓಡಿಸುವುದಕ್ಕೇ ಅಲ್ವಾ ಸಲಹೆಗಾರರು ಇರುವುದು.

ಒಳ್ಳೆಯದನ್ನೂ ಹೇಳಬೇಕು. ವಿಡಿಯೋ ಎಡಿಟಿಂಗ್ ನಿಜಕ್ಕೂ ಚೆನ್ನಾಗಿತ್ತು. ಪ್ರತಿ ರ‍್ಯಾಲಿಯ ಮುಂಚೆ ಮಗಳ ಸುತ್ತ ಒಂದು ವೃತ್ತ, ಒಳ್ಳೆಯ ಹೊಡೆತಗಳು ಮೊದಲೇ, ಹಾಡು ಗೀಡು ಇಲ್ಲ. ಪೂರ್ತಿ ಮ್ಯಾಚಿನ ವಿಡಿಯೋ ಬೇರೆ ಇಟ್ಟುಕೊಳ್ಳಿ, ಕೋಚ್‌ಗಳು ಕೇಳುತ್ತಾರೆ ಅಂತ ಹೇಳಿದ್ದೂ ಸರಿಯಾಗಿತ್ತು, ಮೂವರು ಕೋಚ್‌ಗಳು ಅದನ್ನೇ ಕೇಳಿದರು. ಓದಿನ ವಿಷಯದಲ್ಲಿ ನೆನಪಿಸಿದ್ದು ಉಪಯೋಗಕ್ಕೆ ಬಂತು. ಡಿವಿಷನ್ 1 ಮತ್ತು 2 ಎರಡಕ್ಕೂ ಎನ್‌ಸಿಎಎ ಒಪ್ಪುವ 16 ಕೋರ್ ಕೋರ್ಸ್ (ಹೈಸ್ಕೂಲಿನ ಮುಖ್ಯ ಪಾಠಗಳು) ಬೇಕು, ಡಿವಿಷನ್ 1ಕ್ಕೆ ಆ ಕೋರ್ಸ್‌ಗಳಲ್ಲಿ ಕನಿಷ್ಠ 2.3 ಜಿಪಿಎ, ಡಿವಿಷನ್ 2ಕ್ಕೆ 2.2. ಡಿವಿಷನ್ 1ಕ್ಕೆ 16ರಲ್ಲಿ 10 ಕೋರ್ಸ್ ಸೀನಿಯರ್ ಇಯರ್ (ಹನ್ನೆರಡನೇ ತರಗತಿ) ಶುರುವಾಗುವ ಮುಂಚೆಯೇ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ ಇರಬೇಕು. ನಮ್ಮ ಮನೆಗಳಲ್ಲಿ ಮಾರ್ಕ್ಸ್ ತೊಂದರೆ ಕಡಿಮೆ, ಆದರೆ ಮಗು ತೆಗೆದುಕೊಂಡ ಕೋರ್ಸ್ ಅವರ ಸ್ಕೂಲಿನ ಒಪ್ಪಿತ ಪಟ್ಟಿಯಲ್ಲಿ ಇದೆಯಾ ಅಂತ ನೋಡದಿದ್ದರೆ ಕೊನೆಗೆ ಪೇಚಾಟ. ಅದನ್ನು, ಮಕ್ಕಳ ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಹಾಗಾಗಿ ಇಂಥ ಸರ್ವಿಸ್ ಯಾರಿಗೆ ಸರಿ? ಅಪ್ಪ ಅಮ್ಮ ಇಬ್ಬರಿಗೂ ಸ್ವಲ್ಪವೂ ಸಮಯವಿಲ್ಲ, ಮಗು ಒಂದೇ ಆಟದಲ್ಲಿದೆ, ಕ್ಲಬ್ ಕೋಚ್ ಸಹಾಯ ಮಾಡುತ್ತಿಲ್ಲ ಅಂದರೆ ಸಣ್ಣ ಪ್ಯಾಕೇಜ್ ತೆಗೆದುಕೊಳ್ಳಿ. ಎರಡು ಆಟದ ಮಗುವಾದರೆ ವಿಡಿಯೋ ಮಾತ್ರ ಯಾರಿಂದಾದರೂ ಮಾಡಿಸಿ, ಉಳಿದದ್ದನ್ನು ಮಗುವೇ ಮಾಡಲಿ. ಅಮೆರಿಕದ ಕಾಲೇಜು ಆಟ ನಮಗೆ ಹೊಸದು, ಅದಕ್ಕೇ ನಾವು ದುಡ್ಡು ಕೊಟ್ಟು ನೆಮ್ಮದಿ ಕೊಳ್ಳಲು ಹೋಗುತ್ತೇವೆ. ನಿಜ ಹೇಳಬೇಕೆಂದರೆ, ಪ್ರತಿ ತಂಡದ ವೆಬ್‌ಪುಟದಲ್ಲೂ ಕೋಚ್ ಈಮೇಲ್ ಇರುತ್ತದೆ, ರೋಸ್ಟರ್ ಇರುತ್ತದೆ. ಅಲ್ಲಿ ಮಿಡಲ್ ಬ್ಲಾಕರ್‌ಗಳು ಎಷ್ಟು ಜನ, ಯಾವ ವರ್ಷ ಪಾಸಾಗಿ ಹೋಗುತ್ತಾರೆ ಅಂತ ನೋಡಿದರೆ ಜಾಗ ಇದೆಯಾ ಇಲ್ಲವಾ ಅನ್ನುವ ಅಂದಾಜು ಸಿಗುತ್ತದೆ. ಅದೇ ಕಾಲೇಜಿನ ಎರಡು ತಂಡದ ರೋಸ್ಟರ್ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಹೆಸರು ಕಂಡರೆ, ಅಲ್ಲಿ ಎರಡು ಆಟ ಆಡಲು ಬಿಡುತ್ತಾರೆ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಸಲಹೆಗಾರರೂ ಕೊಡಲಾರರು.

ಈಗಾಗಲೇ ಮಾರಾಟದವರ ಫೋನ್ ಬಂದಿದ್ದರೆ, ಇವತ್ತೇ ಸೇರಿದರೆ ರಿಯಾಯಿತಿ ಅಂದರೆ, ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಒಂದೇ ದುಡ್ಡಿಗೆ ಎರಡೂ ಆಟ ಒಂದೇ ಪ್ರೊಫೈಲಿನಲ್ಲಿ ಬರುತ್ತದಾ, ಈಮೇಲ್ ಯಾರ ಹೆಸರಲ್ಲಿ ಯಾವ ಒಕ್ಕಣೆಯಲ್ಲಿ ಹೋಗುತ್ತದೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್. ನಮ್ಮ ಒಪ್ಪಂದದಲ್ಲಿ ವಾಪಸ್ ಕೊಡುವ ಅವಧಿ ಪ್ರೊಫೈಲ್ ತೆರೆದ ದಿನದಿಂದ ಅಲ್ಲ, ಸಹಿ ಹಾಕಿದ ದಿನದಿಂದಲೇ ಲೆಕ್ಕ. ಪ್ರೊಫೈಲ್ ತಯಾರಾಗುವಷ್ಟರಲ್ಲಿ ಆ ಅವಧಿ ಮುಗಿದಿತ್ತು, ಪೈಸೆ ವಾಪಸ್ ಬರಲಿಲ್ಲ. ಕಂತಿನಲ್ಲಿ ಕಟ್ಟುವವರು ಕಾರ್ಡಿನಿಂದ ತಾನಾಗಿ ಕಡಿತವಾಗುವುದನ್ನು ಮೊದಲ ದಿನವೇ ನಿಲ್ಲಿಸಿ, ತಿಂಗಳು ತಿಂಗಳು ನೀವೇ ಕಟ್ಟುವ ಹಾಗೆ ಬದಲಾಯಿಸಿಕೊಳ್ಳಿ.